ಫ್ರಿಜ್‌ಗೂ ವೈಫೈ ಬೇಕಾ? ಮನೆ ಸಾಮಾನಿಗೆ ಇಂಟರ್ನೆಟ್ ಕೊಡೋ ಮುಂಚೆ ಐದು ಪ್ರಶ್ನೆ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಅಡುಗೆಮನೆಯಲ್ಲಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಕೇಳೋಕೆ ಪುರುಸೊತ್ತಿಲ್ಲ ಅಂತ ಇಲ್ಲಿ ಓದ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ನಮ್ಮ ಮನೆ ಒಳಗಿನದು. ಫ್ರಿಜ್, ಎಸಿ, ವಾಷಿಂಗ್ ಮೆಷಿನ್, ಗೀಸರ್, ಫ್ಯಾನು, ಬಾಗಿಲ ಬೀಗ, ಇವಕ್ಕೆಲ್ಲ ಇಂಟರ್ನೆಟ್ ಕೊಡಬೇಕಾ? ಅಂಗಡಿಗೆ ಹೋದರೆ ಈಗ ಎಲ್ಲದರ ಮೇಲೂ 'ಸ್ಮಾರ್ಟ್' ಅಂತ ಒಂದು ಸ್ಟಿಕ್ಕರ್ ಇರುತ್ತೆ. ಆ ಸ್ಟಿಕ್ಕರ್‌ಗೆ ನಾವು ಎಷ್ಟು ದುಡ್ಡು ಕೊಡ್ತೀವಿ, ದುಡ್ಡಿನ ಜೊತೆಗೆ ಇನ್ನೇನು ಕೊಡ್ತೀವಿ ಅನ್ನೋದನ್ನ ಇವತ್ತು ನೋಡೋಣ.

ಮೊದಲು ಒಂದು ಹಾಸಿಗೆ ಕಥೆ.

2025ರ ಅಕ್ಟೋಬರ್ 20. ನಮ್ಮಲ್ಲಿ ನರಕ ಚತುರ್ದಶಿ, ಬೆಳಗ್ಗೆ ಎಣ್ಣೆ ಸ್ನಾನ ಮಾಡ್ಕೊಂಡು ಹಬ್ಬದ ಗಡಿಬಿಡಿಯಲ್ಲಿದ್ವಿ. ಅದೇ ದಿನ ಅಮೆರಿಕದ ವರ್ಜೀನಿಯಾದಲ್ಲಿರೋ ಅಮೆಜಾನ್ ಕಂಪನಿಯ ಡೇಟಾ ಸೆಂಟರ್‌ಗಳಲ್ಲಿ ಒಂದು ತೊಂದರೆ ಆಯ್ತು. ಸ್ನ್ಯಾಪ್‌ಚಾಟ್ ನಿಂತಿತು, ಫೋರ್ಟ್‌ನೈಟ್ ನಿಂತಿತು, ಸಿಗ್ನಲ್ ನಿಂತಿತು. ಇದೆಲ್ಲ ಆ್ಯಪ್‌ಗಳ ಕಥೆ, ಅರ್ಥ ಆಗುತ್ತೆ. ಆದರೆ ಅವತ್ತು ಅಮೆರಿಕದಲ್ಲಿ ಕೆಲವರ ಹಾಸಿಗೆಗಳೂ ಕೈಕೊಟ್ಟವು. ಎಯ್ಟ್ ಸ್ಲೀಪ್ ಅನ್ನೋ ಕಂಪನಿಯ ಆ ಹಾಸಿಗೆಗಳ ಬೆಲೆ ಎರಡು ಸಾವಿರ ಡಾಲರ್‌ಗೂ ಹೆಚ್ಚು. ಮಲಗಿದವರಿಗೆ ಬೇಕಾದ ಹಾಗೆ ಬಿಸಿ, ತಂಪು ಮಾಡೋದು ಅದರ ಕೆಲಸ. ಸರ್ವರ್ ಸಂಪರ್ಕ ತಪ್ಪಿದ ಕೂಡಲೇ ಕೆಲವರ ಹಾಸಿಗೆ ಬಿಸಿಯಾಗೇ ಉಳೀತು, ಕೆಲವರದ್ದು ತಲೆಭಾಗ ಎತ್ತಿಕೊಂಡೇ ನಿಂತುಬಿಡ್ತು. ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ಇಂಟರ್ನೆಟ್ ಇಲ್ಲದಾಗ ಬ್ಲೂಟೂತ್ ಮೂಲಕ ಹಾಸಿಗೆ ನಡೆಸೋ ವ್ಯವಸ್ಥೆಯನ್ನ ಆಮೇಲೆ ಸೇರಿಸಿದರು.

'ಆಮೇಲೆ' ಅನ್ನೋ ಆ ಪದ ಗಮನದಲ್ಲಿಟ್ಟುಕೊಳ್ಳಿ. ಮಲಗಿದವರು ಇಲ್ಲೇ ಇದ್ದಾರೆ, ಹಾಸಿಗೆ ಇಲ್ಲೇ ಇದೆ, ಫೋನು ಕೈಯಲ್ಲೇ ಇದೆ. ಆದರೂ ನೂರಾರು ಮೈಲಿ ಆಚೆ ಇರೋ ಯಾವುದೋ ಕಟ್ಟಡದ ಅನುಮತಿ ಇಲ್ಲದೆ ಅದು ತಣ್ಣಗಾಗಲಿಲ್ಲ. ಯಾಕೆ ಹೀಗೆ?

ಎಂಟಡಿ ದೂರದ ಫ್ಯಾನಿಗೆ ಮುಂಬೈ ದಾರಿ

ನೀವು ಸೋಫಾ ಮೇಲೆ ಕೂತು ಆ್ಯಪ್‌ನಲ್ಲಿ ಫ್ಯಾನ್ ಆನ್ ಒತ್ತುತ್ತೀರಿ ಅಂದ್ಕೊಳ್ಳಿ. ಫ್ಯಾನು ನಿಮ್ಮ ತಲೆ ಮೇಲೆ ಎಂಟಡಿ ಎತ್ತರದಲ್ಲಿದೆ. ನಿಮ್ಮ ಆಜ್ಞೆ ಫೋನಿನಿಂದ ನೇರ ಫ್ಯಾನಿಗೆ ಹೋಗುತ್ತೆ ಅಂತ ನಮಗೆಲ್ಲ ಅನಿಸುತ್ತೆ. ಬಹಳಷ್ಟು ಸ್ಮಾರ್ಟ್ ಉಪಕರಣಗಳಲ್ಲಿ ಹಾಗಾಗಲ್ಲ. ಫೋನಿಂದ ರೂಟರ್‌ಗೆ, ಅಲ್ಲಿಂದ ಇಂಟರ್ನೆಟ್ ಕಂಪನಿಗೆ, ಅಲ್ಲಿಂದ ಮುಂಬೈಯಲ್ಲೋ ಸಿಂಗಾಪುರದಲ್ಲೋ ಇರೋ ಸರ್ವರ್‌ಗೆ ಹೋಗುತ್ತೆ. ಆ ಸರ್ವರ್ 'ಹೌದು, ಇವರು ಈ ಫ್ಯಾನಿನ ಮಾಲೀಕರು' ಅಂತ ನೋಡಿ, ಮತ್ತೆ ಅದೇ ದಾರಿಯಲ್ಲಿ ನಿಮ್ಮ ರೂಟರ್‌ಗೆ, ಅಲ್ಲಿಂದ ಫ್ಯಾನಿಗೆ ಸಂದೇಶ ಕಳಿಸುತ್ತೆ. ಎದುರುಮನೆಯವರಿಗೆ ಕಾಗದ ಬರೆದು ಪೋಸ್ಟ್ ಡಬ್ಬಕ್ಕೆ ಹಾಕಿದ ಹಾಗೆ. ಕಾಗದ ದೊಡ್ಡ ಪೋಸ್ಟಾಫೀಸಿಗೆ ಹೋಗಿ, ಸೀಲು ಹಾಕಿಸಿಕೊಂಡು, ವಾಪಸ್ ನಿಮ್ಮ ಬೀದಿಗೇ ಬರುತ್ತೆ. ಅರ್ಧ ಸೆಕೆಂಡಲ್ಲಿ ಎಲ್ಲ ಮುಗಿಯೋದ್ರಿಂದ ನಮಗೆ ಗೊತ್ತಾಗಲ್ಲ.

ಈ ಸುತ್ತುದಾರಿಗೆ ಒಂದು ಕಾರಣ ಇದೆ. ಮನೆ ರೂಟರ್‌ಗಳು ಹೊರಗಿನಿಂದ ತಾವಾಗೇ ಬರೋ ಸಂಪರ್ಕಗಳನ್ನ ಒಳಗೆ ಬಿಡಲ್ಲ. ಅದು ಒಳ್ಳೇದೇ. ಹಾಗಾಗಿ ನೀವು ಆಫೀಸಿನಿಂದ ಮನೆ ಎಸಿ ಆನ್ ಮಾಡಬೇಕಂದ್ರೆ ನೇರವಾಗಿ ಅದರ ಬಾಗಿಲು ತಟ್ಟೋಕೆ ಆಗಲ್ಲ. ಅದಕ್ಕೆ ಎಸಿನೇ ಒಳಗಿನಿಂದ ಕಂಪನಿ ಸರ್ವರ್‌ಗೆ ಒಂದು ಲೈನ್ ತೆಗೆದು, ದಿನವಿಡೀ ಹಿಡ್ಕೊಂಡೇ ಕೂತಿರುತ್ತೆ, 'ನನಗೇನಾದ್ರೂ ಹೇಳೋದಿದೆಯಾ' ಅಂತ. ನಿಮ್ಮ ಆ್ಯಪ್ ಕೂಡ ಅದೇ ಸರ್ವರ್‌ಗೆ ಮಾತಾಡುತ್ತೆ. ಇಬ್ಬರ ನಡುವೆ ಕಂಪನಿ ಕೂತಿರುತ್ತೆ. ಅದನ್ನೇ ನಾವು 'ಕ್ಲೌಡ್' ಅಂತೀವಿ. ಹೆಸರು ಮೋಡ, ಆದರೆ ಅದು ಇನ್ನೊಬ್ಬರ ಕಂಪ್ಯೂಟರ್, ಇನ್ನೊಬ್ಬರ ಕಟ್ಟಡ, ಇನ್ನೊಬ್ಬರ ಕರೆಂಟ್ ಬಿಲ್ಲು.

ಇಲ್ಲಿಂದಲೇ ಮುಂದಿನ ಎಲ್ಲ ಮಾತು ಹುಟ್ಟೋದು. ಒಂದು ಉಪಕರಣಕ್ಕೆ ಇಂಟರ್ನೆಟ್ ಕೊಟ್ಟಾಗ ನಾವು ಅದಕ್ಕೆ ಬುದ್ಧಿ ಮಾತ್ರ ಕೊಡ್ತಿಲ್ಲ, ಮನೆಗೆ ಮೂರನೆಯವರೊಬ್ಬರನ್ನ ಸೇರಿಸಿಕೊಳ್ತಿದ್ದೀವಿ.

ಹಾಗಾದ್ರೆ ಲಾಭವೇ ಇಲ್ವಾ?

ಇದೆ, ಖಂಡಿತ ಇದೆ. ನಾನು ತಂತ್ರಜ್ಞಾನ ಬೇಡ ಅನ್ನೋ ಪಾರ್ಟಿ ಅಲ್ಲ. ನನಗೆ ಗೊತ್ತಿರೋ ಅತಿ ಒಳ್ಳೆ ಉದಾಹರಣೆ ಬೆಂಗಳೂರಿನ ಅಪಾರ್ಟ್‌ಮೆಂಟಿನದ್ದಲ್ಲ, ಹೊಲದ್ದು. ನಮ್ಮ ರಾಜ್ಯದಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟು ಎಷ್ಟೋ ಕಡೆ ರಾತ್ರಿ ಹೊತ್ತಲ್ಲೇ ಬರೋದು. ಮೋಟರ್ ಆನ್ ಮಾಡೋಕೆ ರೈತರು ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಹೊಲಕ್ಕೆ ಹೋಗಬೇಕು. ದಾರೀಲಿ ಹಾವು, ಕಾಡಂಚಿನಲ್ಲಾದ್ರೆ ಆನೆ, ಹಂದಿ. ಅದಕ್ಕೆ ಬಂದಿದ್ದು ಮೊಬೈಲ್ ಸ್ಟಾರ್ಟರ್. ಸ್ಟಾರ್ಟರ್ ಡಬ್ಬಿ ಒಳಗೆ ಒಂದು ಸಿಮ್ ಕಾರ್ಡ್. ಮನೆಯಿಂದ ಒಂದು ಕಾಲ್ ಅಥವಾ ಮೆಸೇಜ್ ಮಾಡಿದರೆ ಮೋಟರ್ ಆನ್. ಕರೆಂಟು ಬಂತಾ ಅಂತ ಅದೇ ತಿಳಿಸುತ್ತೆ. ಇದರಲ್ಲಿ ಎಷ್ಟೋ ಮಾಡೆಲ್‌ಗಳಿಗೆ ಇಂಟರ್ನೆಟ್ ಕೂಡ ಬೇಡ, ಸಾದಾ ಕೀಪ್ಯಾಡ್ ಫೋನಿದ್ದರೆ ಸಾಕು. ಸಿಗ್ನಲ್ ಇಲ್ಲದ ದಿನ ಹೋಗಿ ಕೈಯಲ್ಲೇ ಬಟನ್ ಒತ್ತಬಹುದು.

ಇಲ್ಲಿ ದೂರ ನಿಜವಾದದ್ದು. ಅಪಾಯ ನಿಜವಾದದ್ದು. ಹಳೇ ದಾರಿಯೂ ಉಳಿದಿದೆ. ಹಾಗೇನೇ ಕೈಕಾಲು ಆಡದವರಿಗೆ, ಕಣ್ಣು ಕಾಣದವರಿಗೆ ಬಾಯಿಮಾತಲ್ಲಿ ಲೈಟು, ಫ್ಯಾನು ಹಾಕೋಕೆ ಆಗೋದು ಶೋಕಿ ಅಲ್ಲ, ಸ್ವಾತಂತ್ರ್ಯ. ಯಾರನ್ನೂ ಕರೀದೆ ರಾತ್ರಿ ಎರಡು ಗಂಟೆಗೆ ಫ್ಯಾನ್ ಆಫ್ ಮಾಡೋ ಸ್ವಾತಂತ್ರ್ಯ.

ಆದರೆ ಜಾಹೀರಾತಲ್ಲಿ ಹೇಳೋ ಎಲ್ಲ ಲಾಭ ವೈಫೈಯಿಂದಲೇ ಬರೋದಲ್ಲ. ಫ್ಯಾನನ್ನೇ ತಗೊಳ್ಳಿ. ಹಳೇ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತೆ, ಬಿಎಲ್‌ಡಿಸಿ ಫ್ಯಾನು ಸುಮಾರು 30ರಿಂದ 35 ವ್ಯಾಟ್. ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ ಹತ್ತಿರ ಹತ್ತಿರ 12 ಯೂನಿಟ್ ಉಳಿತಾಯ. ಈ ಉಳಿತಾಯ ಬರೋದು ಮೋಟರ್‌ನಿಂದ. ವೈಫೈ ಇರೋ ಮಾಡೆಲ್‌ಗೆ ನೀವು ಹೆಚ್ಚು ದುಡ್ಡು ಕೊಟ್ಟರೂ ಆ 12 ಯೂನಿಟ್ 13 ಆಗಲ್ಲ. ಸಾದಾ ರಿಮೋಟ್ ಸಾಕು.

ಗೀಸರ್ ಕೂಡ ಹಾಗೇನೇ. 'ಆಫ್ ಮಾಡೋದು ಮರೆತರೆ ಆಫೀಸಿಂದ ಆಫ್ ಮಾಡಬಹುದು' ಅಂತಾರೆ. ಲೆಕ್ಕ ನೋಡಿ. 15 ಲೀಟರ್ ನೀರನ್ನ 30 ಡಿಗ್ರಿ ಹೆಚ್ಚು ಬಿಸಿ ಮಾಡೋಕೆ 2,000 ವ್ಯಾಟ್ ಗೀಸರ್‌ಗೆ ಬೇಕಾಗೋದು ಸುಮಾರು 16 ನಿಮಿಷ. ಆಮೇಲೆ ಥರ್ಮೋಸ್ಟಾಟ್ ತಾನೇ ಕರೆಂಟ್ ಕಡಿಯುತ್ತೆ. ನೀರು ಆರಿದಷ್ಟು ಮತ್ತೆ ಸ್ವಲ್ಪ ಎಳೆಯುತ್ತೆ, ಅಷ್ಟೇ. ಆ ಸ್ವಲ್ಪವೂ ಬೇಡ ಅಂದ್ರೆ ಗೋಡೆಗೆ ಒಂದು ಟೈಮರ್ ಸ್ವಿಚ್ ಹಾಕಿಸಿ. ಅದಕ್ಕೆ ಪಾಸ್‌ವರ್ಡ್ ಬೇಡ, ಅಪ್‌ಡೇಟ್ ಬೇಡ.

ಮತ್ತೆ ಎಲ್ಲದಕ್ಕೂ ವೈಫೈ ಯಾಕೆ ತುರುಕ್ತಾರೆ? ಒಂದು ಕಾರಣ, ಅದು ಅಗ್ಗ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ವೈಫೈ ಚಿಪ್ ಇರೋ ಬೋರ್ಡ್ ಒಂದನ್ನ ಬಿಡಿಯಾಗಿ ಕೇಳಿದರೂ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಸಗಟಲ್ಲಿ ಕೊಳ್ಳೋ ಕಂಪನಿಗೆ ಇನ್ನೂ ಕಡಿಮೆ. ಅದನ್ನ ಹಾಕಿ 'ಸ್ಮಾರ್ಟ್' ಅಂತ ಬರೆದರೆ ಬೆಲೆ ಸಾವಿರಗಳಲ್ಲಿ ಏರುತ್ತೆ. ಇನ್ನೊಂದು ಕಾರಣಕ್ಕೆ ಈಗ ಬರ್ತೀನಿ.

ಟಿವಿ ನಮ್ಮನ್ನ ನೋಡಿದಾಗ

2017ರ ಫೆಬ್ರವರಿಯಲ್ಲಿ ಅಮೆರಿಕದ ಟಿವಿ ಕಂಪನಿ ವಿಜಿಯೋ 22 ಲಕ್ಷ ಡಾಲರ್ ಕೊಟ್ಟು ಸರ್ಕಾರದ ಜೊತೆ ಒಂದು ಪ್ರಕರಣ ಮುಗಿಸಿಕೊಂಡಿತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹೇಳಿದ್ದು ಇಷ್ಟು: 1 ಕೋಟಿ 10 ಲಕ್ಷ ಟಿವಿಗಳಿಂದ, ಪರದೆ ಮೇಲೆ ಏನು ಓಡ್ತಿದೆ ಅನ್ನೋದನ್ನ ಸೆಕೆಂಡ್ ಸೆಕೆಂಡಿಗೂ ಕಂಪನಿ ದಾಖಲಿಸಿಕೊಳ್ತಿತ್ತು, ಆ ಮಾಹಿತಿಯನ್ನ ಬೇರೆಯವರಿಗೆ ಮಾರ್ತಿತ್ತು. ಜನಕ್ಕೆ ಸರಿಯಾಗಿ ತಿಳಿಸಿರಲಿಲ್ಲ, ಒಪ್ಪಿಗೆ ತಗೊಂಡಿರಲಿಲ್ಲ. ಎರಡನೇ ಕಾರಣ ಇದೇ. ಉಪಕರಣವನ್ನ ಒಂದೇ ಸಲ ಮಾರಬಹುದು, ಆದರೆ ಮಾಹಿತಿಯನ್ನ ದಿನಾ ಮಾರಬಹುದು.

2023ರಲ್ಲಿ ಅದೇ ಆಯೋಗ ರಿಂಗ್ ಅನ್ನೋ ಮನೆ ಕ್ಯಾಮೆರಾ ಕಂಪನಿ ಮೇಲೆ ಕೇಸು ಹಾಕಿತು. ಅದು ಅಮೆಜಾನ್ ಒಡೆತನದ್ದು. ಅದರ ಉದ್ಯೋಗಿಯೊಬ್ಬ ಮಹಿಳೆಯರ ಮಲಗೋ ಕೋಣೆ, ಬಚ್ಚಲುಮನೆಯಂಥ ಜಾಗಗಳಲ್ಲಿದ್ದ ಕ್ಯಾಮೆರಾಗಳ ಸಾವಿರಾರು ವಿಡಿಯೋ ನೋಡಿದ್ದ ಅನ್ನೋದು ಆರೋಪಗಳಲ್ಲೊಂದು. ಕಂಪನಿ 58 ಲಕ್ಷ ಡಾಲರ್ ಕೊಡೋಕೆ ಒಪ್ಪಿಕೊಳ್ತು. ಗಮನಿಸಿ, ಆ ಉದ್ಯೋಗಿಯ ವಿಷಯದಲ್ಲಿ ಹೊರಗಿನ ಹ್ಯಾಕರ್ ಯಾರೂ ಬಾಗಿಲು ಒಡೀಲಿಲ್ಲ. ಕೀಲಿ ಇದ್ದವರೇ ಒಳಗೆ ಹೋದರು.

ಬಾಗಿಲು ಒಡೆದ ಕಥೆಗಳೂ ಇವೆ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್, ಟೆಲಿಗ್ರಾಂನಲ್ಲಿ ಹರಿದಾಡಿದವು. ಪರೀಕ್ಷೆಗೆ ಬಂದ ಹೆಣ್ಣುಮಕ್ಕಳ ದೃಶ್ಯಗಳು ಅವು, ದುಡ್ಡಿಗೆ ಮಾರಾಟವಾಗ್ತಿದ್ದವು. ಅಲ್ಲಿದ್ದ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದ ಹಾಗೇ ಉಳಿದಿತ್ತು, 'ಅಡ್ಮಿನ್ 123' ಅಂತ, ಎಂದು ಪತ್ರಿಕೆಗಳು ವರದಿ ಮಾಡಿದವು. ಆ ಹೆಣ್ಣುಮಕ್ಕಳು ಯಾವ ಸ್ಮಾರ್ಟ್ ಸಾಮಾನನ್ನೂ ಕೊಂಡಿರಲಿಲ್ಲ. ಬೇರೆ ಯಾರೋ ಕೊಂಡಿದ್ದರು, ಬೇರೆ ಯಾರೋ ಜೋಡಿಸಿದ್ದರು. ಬೆಲೆ ಕೊಟ್ಟಿದ್ದು ಇವರು.

ಈ ಕಾರ್ಖಾನೆ ಪಾಸ್‌ವರ್ಡ್ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ಜಗತ್ತಿಗೆ ಗೊತ್ತಾಗಿದ್ದು 2016ರಲ್ಲಿ, ಮಿರಾಯ್ ಅನ್ನೋ ವೈರಸ್‌ನಿಂದ. ಅದರ ತಂತ್ರ ತುಂಬಾ ಸರಳ. ಇಂಟರ್ನೆಟ್ ತುಂಬ ಅಲೆದಾಡಿ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನ ಹುಡುಕೋದು, ತನ್ನ ಹತ್ತಿರ ಇರೋ ಅರವತ್ತು ಚಿಲ್ಲರೆ ಡೀಫಾಲ್ಟ್ ಪಾಸ್‌ವರ್ಡ್‌ಗಳನ್ನ ಒಂದೊಂದಾಗಿ ಹಾಕಿ ನೋಡೋದು. ಬೀದಿಯಲ್ಲಿ ಒಂದೊಂದೇ ಮನೆ ಬಾಗಿಲು ತಳ್ಳಿ ನೋಡಿದ ಹಾಗೆ. ಹೀಗೆ ಲಕ್ಷಾಂತರ ಉಪಕರಣ ಅದರ ಕೈವಶ ಆದವು. 2016ರ ಅಕ್ಟೋಬರ್ 21ರಂದು ಅವುಗಳಲ್ಲಿ ಎಷ್ಟೋ ಒಟ್ಟಿಗೆ ಡಿನ್ ಅನ್ನೋ ಕಂಪನಿ ಮೇಲೆ ಮುಗಿಬಿದ್ದವು. ವೆಬ್‌ಸೈಟ್ ಹೆಸರಿಂದ ವಿಳಾಸ ಹುಡುಕಿಕೊಡೋದು ಆ ಕಂಪನಿಯ ಕೆಲಸ. ಅದು ಬಿದ್ದ ಕೂಡಲೇ ಅಮೆರಿಕದ ಪೂರ್ವ ಭಾಗದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಗಂಟೆಗಟ್ಟಲೆ ತೆರೆಯಲಿಲ್ಲ. ಮಿರಾಯ್ ಬರೆದವರು ಯಾವ ದೇಶದ ಸೈನ್ಯವೂ ಅಲ್ಲ. 2017ರ ಡಿಸೆಂಬರ್‌ನಲ್ಲಿ ತಪ್ಪೊಪ್ಪಿಕೊಂಡವರು ಇಪ್ಪತ್ತರ ಆಸುಪಾಸಿನ ಮೂವರು ಯುವಕರು. ನಿಮ್ಮ ವಯಸ್ಸಿನವರೇ.

ಅಂದ್ರೆ ನಿಮ್ಮ ಮನೆ ಕ್ಯಾಮೆರಾ ಹ್ಯಾಕ್ ಆದರೆ ನಷ್ಟ ನಿಮಗೆ ಮಾತ್ರ ಆಗಬೇಕಂತಿಲ್ಲ. ನಿಮಗೆ ಗೊತ್ತೇ ಆಗದೆ ಅದು ಇನ್ನೊಬ್ಬರ ಮೇಲೆ ಕಲ್ಲು ಎಸೀತಿರಬಹುದು.

ಕಂಪನಿ ಮುಚ್ಚಿದರೆ ಸಾಮಾನಿನ ಗತಿ?

ನಮ್ಮ ಮನೆಗಳಲ್ಲಿ ಫ್ರಿಜ್ ಹತ್ತು ಹನ್ನೆರಡು ವರ್ಷ ಬಾಳುತ್ತೆ. ಮದುವೆಗೆ ಕೊಟ್ಟ ಮಿಕ್ಸಿ ಮಗಳ ಮದುವೆವರೆಗೂ ಓಡೋದನ್ನ ನೋಡಿದ್ದೀವಿ. ಆ್ಯಪ್‌ಗಳ ಆಯಸ್ಸು ಅಷ್ಟಿಲ್ಲ. ಇವೆರಡನ್ನೂ ಗಂಟು ಹಾಕಿದರೆ ಏನಾಗುತ್ತೆ?

ರಿವಾಲ್ವ್ ಅಂತ ಒಂದು ಪುಟ್ಟ ಹಬ್ ಇತ್ತು. ಮನೆಯ ಲೈಟು, ಬೀಗ ಎಲ್ಲ ಅದರ ಮೂಲಕ ನಡೆಸಬಹುದಿತ್ತು. ಬೆಲೆ 300 ಡಾಲರ್. 2014ರಲ್ಲಿ ಗೂಗಲ್ ಬಳಗದ ನೆಸ್ಟ್ ಅದನ್ನ ಕೊಂಡಿತು. 2016ರ ಮೇ 15ಕ್ಕೆ ಸರ್ವರ್ ನಿಲ್ಲಿಸಿಬಿಟ್ಟಿತು. ಸಾಮಾನು ಕೆಟ್ಟಿರಲಿಲ್ಲ, ಅದರ ಜೀವ ಬೇರೆಲ್ಲೋ ಇತ್ತು. ಏಳು ಸಮುದ್ರದಾಚೆ ಗಿಳಿಯಲ್ಲಿ ಪ್ರಾಣ ಇಟ್ಟ ರಾಕ್ಷಸನ ಕಥೆ ಕೇಳಿದ್ದೀವಲ್ಲ, ಹಾಗೆ.

ಇದಕ್ಕೆ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇಡ್ತೀನಿ. ಅದೇ ನೆಸ್ಟ್‌ನ ಮೊದಲ ಎರಡು ತಲೆಮಾರಿನ ಥರ್ಮೋಸ್ಟಾಟ್‌ಗಳು, 2011 ಮತ್ತು 2012ರವು. 2025ರ ಅಕ್ಟೋಬರ್ 25ಕ್ಕೆ ಅವುಗಳ ಸಪೋರ್ಟ್ ನಿಂತಿತು. ಆ್ಯಪ್‌ನಿಂದ ನಡೆಸೋಕೆ ಆಗಲ್ಲ. ಆದರೆ ಗೋಡೆ ಹತ್ತಿರ ಹೋಗಿ ಕೈಯಲ್ಲಿ ತಿರುಗಿಸಿದರೆ ಇವತ್ತಿಗೂ ಕೆಲಸ ಮಾಡುತ್ತೆ. ಮಾಲೀಕರಿಗೆ ಬೇಜಾರಾಗಿದೆ, ನಿಜ. ಆದರೆ ಚಳಿಯಲ್ಲಿ ನಡುಗಬೇಕಾಗಿಲ್ಲ. ಇಂಟರ್ನೆಟ್ ಹೋದಾಗ ಸ್ಮಾರ್ಟ್ ಸಾಮಾನು ಸಾದಾ ಸಾಮಾನು ಆಗಬೇಕು, ಗುಜರಿ ಆಗಬಾರದು. ಇವೆರಡರ ವ್ಯತ್ಯಾಸವನ್ನ ಕೊಳ್ಳೋವಾಗಲೇ ಗುರುತಿಸಬಹುದು.

ಮನೆಯೊಳಗಿನ ಕಣ್ಣು

ಇಲ್ಲಿಯವರೆಗೆ ಕಂಪನಿ, ಕಳ್ಳರ ಮಾತಾಯ್ತು. ನನಗೆ ಇದಕ್ಕಿಂತ ಮುಖ್ಯ ಅನಿಸೋದು ಮನೆಯವರ ಮಾತು.

2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಒಂದು ವರದಿ ಮಾಡಿತು. ಕೌಟುಂಬಿಕ ಹಿಂಸೆಗೆ ಒಳಗಾದವರ ಸಹಾಯವಾಣಿಗಳಿಗೆ ಹೊಸ ಥರದ ದೂರು ಬರ್ತಿತ್ತು. ಮುಟ್ಟದೇ ಎಸಿ ಆಫ್ ಆಗುತ್ತೆ, ಬಾಗಿಲ ಬೀಗದ ನಂಬರ್ ದಿನಾ ಬದಲಾಗುತ್ತೆ, ಯಾರೂ ಇಲ್ಲದೆ ಕಾಲಿಂಗ್ ಬೆಲ್ ಹೊಡೆಯುತ್ತೆ. ಮನೆ ಬಿಟ್ಟುಹೋದ ಗಂಡನ ಫೋನಿನಲ್ಲಿ ಆ್ಯಪ್ ಉಳಿದಿರುತ್ತೆ. ಜೋಡಿಸಿದವನ ಹೆಸರಲ್ಲೇ ಅಕೌಂಟ್ ಇರೋದ್ರಿಂದ ಮನೆಯಲ್ಲಿ ಇರೋರಿಗಿಂತ ಹೆಚ್ಚು ಹಿಡಿತ ಮನೆಯಲ್ಲಿ ಇಲ್ಲದವನಿಗೆ.

ನಮ್ಮಲ್ಲಿ ಇದರ ಸೌಮ್ಯ ರೂಪ ಮನೆಮನೆಯಲ್ಲಿದೆ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರ್ತಾರೆ, ಊರಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ. ಹಬ್ಬಕ್ಕೆ ಬಂದಾಗ ಒಂದು ಕ್ಯಾಮೆರಾ ಹಾಕಿಹೋಗ್ತಾರೆ. ಉದ್ದೇಶ ಪ್ರೀತಿನೇ, ಅದರಲ್ಲಿ ಎರಡು ಮಾತಿಲ್ಲ. ಸಾಗರದ ಹತ್ತಿರದ ನಮ್ಮೂರಿನ ಮನೆಯಲ್ಲೂ ಜಗುಲಿಗೊಂದು, ನಡುಮನೆಗೊಂದು ಕ್ಯಾಮೆರಾ ಬಂದಿತ್ತು, ದೊಡ್ಡಪ್ಪನ ಮಗ ಹಾಕಿಸಿದ್ದು. ಸ್ವಲ್ಪ ದಿನ ಆದಮೇಲೆ ನಡುಮನೆ ಕ್ಯಾಮೆರಾದಲ್ಲಿ ಬರೀ ಬಿಳಿ ಕಾಣೋಕೆ ಶುರುವಾಯ್ತು. ನಾನು ಊರಿಗೆ ಹೋದಾಗ ನೋಡಿದರೆ ಅಜ್ಜಿ ಅದಕ್ಕೆ ಟವೆಲ್ ಹೊದಿಸಿದ್ದರು. ಯಾಕಜ್ಜಿ ಅಂದೆ. "ಮಧ್ಯಾಹ್ನ ತಲೆ ಬಿಚ್ಕೊಂಡು ಇಲ್ಲೇ ಮಲಗೋದು ನಾನು. ಅದು ನೋಡ್ತದೆ ಅಂತ ಗೊತ್ತು. ಯಾವಾಗ ಯಾರು ನೋಡ್ತಾರೆ ಅಂತ ಗೊತ್ತಾಗಲ್ವಲ್ಲ ಮಾರಾಯ," ಅಂದ್ರು.

ಸುರಕ್ಷತೆ ಬಗ್ಗೆ ನಾನು ಓದಿದ ಎಷ್ಟೋ ವರದಿಗಳಲ್ಲಿ ಇಷ್ಟು ಸ್ಪಷ್ಟವಾದ ಮಾತು ಸಿಕ್ಕಿಲ್ಲ. ಯಾವಾಗ, ಯಾರು. ಪ್ರಶ್ನೆ ಅಷ್ಟೇ. ಆಮೇಲೆ ಮನೆಯವರೆಲ್ಲ ಕೂತು ಮಾತಾಡಿ, ನಡುಮನೆ ಕ್ಯಾಮೆರಾ ಕಿತ್ತು ಗೇಟಿನ ಕಡೆ ಮುಖ ಮಾಡಿ ಹಾಕಿದ್ವಿ. ಹೊರಗಿನಿಂದ ಬರೋರನ್ನ ಅದು ನೋಡಲಿ. ಅಜ್ಜಿ ಹೇಗಿದ್ದಾರೆ ಅಂತ ತಿಳ್ಕೊಳ್ಳೋಕೆ ದಿನಾ ಬೆಳಗ್ಗೆ ಒಂದು ಫೋನು. ಕ್ಯಾಮೆರಾಕ್ಕಿಂತ ಅದು ಕಷ್ಟದ ಕೆಲಸ, ಯಾಕಂದ್ರೆ ನಾವೇ ಮಾಡಬೇಕು.

ಕಾನೂನು ಎಲ್ಲಿದೆ?

ಬೇರೆ ದೇಶಗಳು ಇದನ್ನ ಗ್ರಾಹಕರ ತಲೆಗೇ ಕಟ್ಟಿ ಬಿಟ್ಟಿಲ್ಲ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಎಲ್ಲ ಸಾಮಾನಿಗೂ ಒಂದೇ ಡೀಫಾಲ್ಟ್ ಪಾಸ್‌ವರ್ಡ್ ಇಟ್ಟು ಮಾರೋ ಹಾಗಿಲ್ಲ. ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀವಿ ಅಂತ ಕಂಪನಿ ಹೇಳಲೇಬೇಕು. ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯ್ದೆಯ ಮುಖ್ಯ ನಿಯಮಗಳು 2027ರ ಡಿಸೆಂಬರ್‌ನಿಂದ ಜಾರಿಗೆ ಬರ್ತವೆ. ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಸಪೋರ್ಟ್ ಕೊಡಬೇಕು ಅನ್ನುತ್ತೆ ಅದು.

ನಮ್ಮಲ್ಲಿ 2025ರ ಏಪ್ರಿಲ್‌ನಿಂದ ಹೊಸ ಸಿಸಿಟಿವಿ ಕ್ಯಾಮೆರಾಗಳು ಸರ್ಕಾರ ಹೇಳಿದ ಭದ್ರತಾ ಪರೀಕ್ಷೆ ಪಾಸಾಗಬೇಕು. ಇದು ಒಳ್ಳೆ ಹೆಜ್ಜೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತಹಂತವಾಗಿ ಜಾರಿಯಾಗ್ತಿವೆ. ಕಂಪನಿ ನಿಮ್ಮ ಮಾಹಿತಿ ತಗೊಳ್ಳೋ ಮುಂಚೆ ಯಾಕೆ ಅಂತ ಹೇಳಿ ಒಪ್ಪಿಗೆ ಪಡೀಬೇಕು ಅನ್ನೋದು ಅದರ ತಿರುಳು. ಆದರೆ ಒಬ್ಬ ವ್ಯಕ್ತಿ ತನ್ನ ಸ್ವಂತ, ಮನೆ ಬಳಕೆಗೆ ಮಾಡೋ ಕೆಲಸಕ್ಕೆ ಆ ಕಾಯ್ದೆ ಅನ್ವಯ ಆಗಲ್ಲ. ಅಂದ್ರೆ ಅಜ್ಜಿಯ ಪ್ರಶ್ನೆಗೆ ಉತ್ತರ ಆ ಕಾಯ್ದೆಯಲ್ಲಿ ಸಿಗಲ್ಲ, ಮನೆಯವರೇ ಕೊಡಬೇಕು.

ಕೊಳ್ಳೋ ಮುಂಚೆ ಐದು ಪ್ರಶ್ನೆ

ಹಾಗಾದ್ರೆ ನನ್ನ ನಿಲುವೇನು? ಎಲ್ಲದಕ್ಕೂ ಬೇಡ, ಯಾವುದಕ್ಕೂ ಬೇಡ ಅಂತಲೂ ಅಲ್ಲ. ಅಂಗಡಿಯಲ್ಲಿ ನಿಂತು ಈ ಐದು ಪ್ರಶ್ನೆ ಕೇಳ್ಕೊಳ್ಳಿ.

ಒಂದು: ಇದನ್ನ ಮನೆ ಹೊರಗಿನಿಂದ ನಡೆಸೋ ಅಗತ್ಯ ನನಗೆ ನಿಜವಾಗ್ಲೂ ಇದೆಯಾ? ವಾಷಿಂಗ್ ಮೆಷಿನ್‌ಗೆ ಬಟ್ಟೆ ತುಂಬೋಕೆ, ತೆಗೆದು ಒಣಹಾಕೋಕೆ ನಾನೇ ಬರಬೇಕು. ಅಂದ್ಮೇಲೆ ಬಟನ್ ಒಂದನ್ನ ದೂರದಿಂದ ಒತ್ತಿ ಏನು ಮಾಡೋದು?

ಎರಡು: ವೈಫೈ ಇಲ್ಲದಾಗ ಇದು ತನ್ನ ಮೂಲ ಕೆಲಸ ಮಾಡುತ್ತಾ? ಇದನ್ನ ಅಂಗಡಿಯವರಿಗೇ ಕೇಳಿ, "ಅಣ್ಣ, ನೆಟ್ ಇಲ್ದಿದ್ರೆ ಏನೇನು ನಡೆಯುತ್ತೆ, ತೋರ್ಸಿ." ತೋರಿಸೋಕೆ ಆಗದಿದ್ದರೆ ಅದೇ ಉತ್ತರ. ಬಾಗಿಲ ಬೀಗ ಆದರೆ ಮಾಮೂಲಿ ಕೀಲಿಯೂ ಇರಲೇಬೇಕು. ಮಳೆಗಾಲದಲ್ಲಿ ಎರಡು ದಿನ ಕರೆಂಟು ಇಲ್ಲದ ಊರುಗಳು ನಮ್ಮವು.

ಮೂರು: ಇದಕ್ಕೆ ಕಣ್ಣು, ಕಿವಿ ಇದೆಯಾ? ಅಂದ್ರೆ ಕ್ಯಾಮೆರಾ, ಮೈಕ್. ಇದ್ದರೆ ಅದು ಎಲ್ಲಿ ನೋಡುತ್ತೆ, ಆ ಜಾಗದಲ್ಲಿ ಇರೋರೆಲ್ಲ ಒಪ್ಪಿದ್ದಾರಾ? ಮನೆಕೆಲಸಕ್ಕೆ ಬರೋ ಅಕ್ಕನನ್ನೂ ಈ ಲೆಕ್ಕಕ್ಕೆ ಸೇರಿಸಿ.

ನಾಲ್ಕು: ತಪ್ಪಿ ಆನ್ ಆದರೆ ಬೆಂಕಿ ಹತ್ತುತ್ತಾ? ಇಸ್ತ್ರಿಪೆಟ್ಟಿಗೆ, ರೂಮ್ ಹೀಟರ್, ಇಂಡಕ್ಷನ್ ಒಲೆ. ಕಣ್ಣೆದುರು ಇಲ್ಲದ ಬಿಸಿ ಸಾಮಾನನ್ನ ದೂರದಿಂದ ಆನ್ ಮಾಡಬಾರದು. ದೂರದಿಂದ ಆಫ್ ಮಾಡೋದು ಬೇರೆ ಮಾತು.

ಐದು: ಎಷ್ಟು ವರ್ಷ ಅಪ್‌ಡೇಟ್ ಕೊಡ್ತಾರೆ? ಉತ್ತರ ಡಬ್ಬಿ ಮೇಲೆ ಇಲ್ಲ, ವೆಬ್‌ಸೈಟಿನಲ್ಲೂ ಇಲ್ಲ ಅಂದ್ರೆ ಸಾದಾ ಮಾಡೆಲ್ ತಗೊಳ್ಳಿ.

ಸ್ಮಾರ್ಟ್ ಸಾಮಾನು ಆಗಲೇ ಮನೆಗೆ ಬಂದಿದ್ದರೆ? ಎಷ್ಟೋ ಎಸಿ, ವಾಷಿಂಗ್ ಮೆಷಿನ್‌ಗಳನ್ನ ವೈಫೈಗೆ ಜೋಡಿಸದೆಯೇ ಬಳಸಬಹುದು, ಜೋಡಿಸಲೇಬೇಕು ಅಂತ ಯಾರೂ ಬಂದು ಕೂತಿಲ್ಲ. ಜೋಡಿಸೋದಾದ್ರೆ ಮೊದಲ ದಿನವೇ ಪಾಸ್‌ವರ್ಡ್ ಬದಲಿಸಿ. ರೂಟರ್‌ನಲ್ಲಿ 'ಗೆಸ್ಟ್ ನೆಟ್‌ವರ್ಕ್' ಅಂತ ಇದ್ದರೆ ಫ್ಯಾನು, ಬಲ್ಬು, ಕ್ಯಾಮೆರಾ ಎಲ್ಲ ಅದರಲ್ಲಿ ಇರಲಿ, ನಿಮ್ಮ ಫೋನು, ಲ್ಯಾಪ್‌ಟಾಪ್ ಬೇರೆಯದರಲ್ಲಿ. ಬಲ್ಬು ಹ್ಯಾಕ್ ಆದರೂ ಕಳ್ಳ ಜಗುಲಿಯಲ್ಲೇ ಉಳೀತಾನೆ, ಒಳಮನೆಗೆ ಬರಲ್ಲ. ಕ್ಯಾಮೆರಾ ಆ್ಯಪ್‌ಗೆ ಎರಡು ಹಂತದ ಲಾಗಿನ್ ಹಾಕಿ. ಬಾಡಿಗೆ ಮನೆಗೆ ಹೊಸದಾಗಿ ಹೋದರೆ ಹಿಂದಿನವರು ಬಿಟ್ಟುಹೋದ ಬೀಗ, ಕ್ಯಾಮೆರಾ ಯಾರ ಅಕೌಂಟ್‌ನಲ್ಲಿದೆ ಅಂತ ಓನರ್‌ಗೆ ಕೇಳಿ, ರೀಸೆಟ್ ಮಾಡಿಸಿ. ಹಳೇ ಸಾಮಾನು ಮಾರೋವಾಗಲೂ ರೀಸೆಟ್ ಮಾಡಿಯೇ ಕೊಡಿ.

ಸ್ವಲ್ಪ ಕೈಯಾಡಿಸೋ ಆಸಕ್ತಿ ಇರೋರಿಗೆ ಇನ್ನೊಂದು ದಾರಿ ಇದೆ. ಹೋಮ್ ಅಸಿಸ್ಟೆಂಟ್ ಅನ್ನೋ ಮುಕ್ತ ತಂತ್ರಾಂಶವನ್ನ ಮನೆಯ ಪುಟ್ಟ ಕಂಪ್ಯೂಟರ್‌ನಲ್ಲೇ ಓಡಿಸಿ, ಅದಕ್ಕೆ ಹೊಂದೋ ಎಷ್ಟೋ ಉಪಕರಣಗಳನ್ನ ಹೊರಗಿನ ಸರ್ವರ್ ಇಲ್ಲದೆ ನಡೆಸಬಹುದು. 2022ರಲ್ಲಿ ಬಂದ 'ಮ್ಯಾಟರ್' ಅನ್ನೋ ಮಾನದಂಡವೂ ಇದೇ ದಿಕ್ಕಿನದು. ಆಪಲ್, ಗೂಗಲ್, ಅಮೆಜಾನ್, ಸ್ಯಾಮ್‌ಸಂಗ್ ಎಲ್ಲ ಸೇರಿ ಒಪ್ಪಿರೋ ಅದರಲ್ಲಿ ಆಜ್ಞೆ ಮನೆಯೊಳಗೇ ಓಡಾಡಬಹುದು. ಎದುರುಮನೆಗೆ ಕಾಗದ ಕೊಡೋಕೆ ಬೀದಿ ದಾಟಿದರೆ ಸಾಕು, ಪೋಸ್ಟಾಫೀಸು ಬೇಡ.

ಇವತ್ತಿಗೆ ಇಷ್ಟು. ನಿಮಗೊಂದು ಸಣ್ಣ ಕೆಲಸ ಕೊಟ್ಟು ಹೋಗ್ತೀನಿ. ಇವತ್ತು ರಾತ್ರಿ ಊಟ ಆದಮೇಲೆ ನಿಮ್ಮ ರೂಟರ್‌ನ ಆ್ಯಪ್ ತೆಗೀರಿ. ಮನೆ ವೈಫೈಗೆ ಏನೇನು ಸೇರ್ಕೊಂಡಿದೆ ಅಂತ ಒಂದು ಪಟ್ಟಿ ಅಲ್ಲಿರುತ್ತೆ. ಒಂದೊಂದನ್ನೇ ನೋಡಿ ಇದು ಯಾವುದು, ಯಾರ ಹೆಸರಲ್ಲಿದೆ ಅಂತ ಮನೆಯವರನ್ನ ಕೇಳಿ. ಯಾರಿಗೂ ಗುರುತು ಸಿಗದ ಹೆಸರೊಂದು ಸಿಕ್ಕರೆ ಮೊದಲು ಅದನ್ನ ಹೊರಗೆ ಹಾಕಿ, ಆಮೇಲೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.